ಹನ್ನೊಂದನೆಯ ತತ್ತಿ

ಅಮರಪ್ಪನಿಗೆ ಗಾಲ್ಫ್ ಆಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಭೀಮಾ ದಂಡೆಯ ಹೊಳಿಹಾಳದಲ್ಲಿ ಅರ್ಧ ಊರು ಅವನನ್ನು ದೊಡ್ಡ ಆಟಗಾರನೆಂದು ನಂಬಿದೆ, ಇನ್ನರ್ಧ ಊರು ಅವನು ಹೈದರಾಬಾದಿನಲ್ಲಿ ಗೋಲಿ ಆಡಿ ಹಾಳಾಗಿ ಬಂದವನೆಂದು ನಂಬಿದೆ. ಎರಡೂ ಸುಳ್ಳು. ಅವನು ಇಪ್ಪತ್ತೆರಡು ವರ್ಷ ಹೈದರಾಬಾದಿನ ಒಂದು ಗಾಲ್ಫ್ ಮೈದಾನದ ಕೆರೆಯಲ್ಲಿ ಮುಳುಗಿ, ಸಾಹೇಬರು ಹೊಡೆದು ಕಳೆದುಕೊಂಡ ಚೆಂಡುಗಳನ್ನು ಎತ್ತಿ ತರುತ್ತಿದ್ದವನು.

ಅಂಬಿಗರ ಮನೆತನ. ಅಜ್ಜ ಹರಿಗೋಲು ಹಾಕಿದ, ಅಪ್ಪ ಬಲೆ ಬೀಸಿದ, ಅಮರಪ್ಪ ಗೌಂಡಿ ಕೆಲಸಕ್ಕೆಂದು ಹೈದರಾಬಾದಿನ ರೈಲು ಹತ್ತಿದ. ಅಲ್ಲಿ ಮೈದಾನದ ಗೋಡೆ ಕಟ್ಟುವಾಗ ಕೈಯಲ್ಲಿದ್ದ ಕರಣಿ ಜಾರಿ ಕೆರೆಗೆ ಬಿತ್ತು. ಉಳಿದ ಗೌಂಡಿಗಳು ಅಯ್ಯೋ ಅಂದರು, ಇವನು ಜಿಗಿದೇಬಿಟ್ಟ. ಮೇಲೆ ಬಂದಾಗ ಒಂದು ಕೈಯಲ್ಲಿ ಕರಣಿ, ಇನ್ನೊಂದು ಕೈಯಲ್ಲಿ ಐದು ಬಿಳಿ ಚೆಂಡು. ದಂಡೆಯ ಮೇಲೆ ಮೈದಾನದ ಮ್ಯಾನೇಜರ ಬಾಯಿ ತೆರೆದು ನಿಂತಿದ್ದ. ಮರುದಿನದಿಂದ ಕರಣಿ ಹಿಡಿಯುವುದು ತಪ್ಪಿತು.

ಕೆಸರಿನಲ್ಲಿ ಕಣ್ಣು ಕಾಣುವುದಿಲ್ಲ, ಕಾಲ್ಬೆರಳೇ ಕಣ್ಣು. ಅಮರಪ್ಪ ಕಾಲ್ಬೆರಳಿನಿಂದ ಚೆಂಡನ್ನು ಹುಡುಕಿ, ಮೇಲೆ ತಂದು, ಉಗುರಿನಿಂದ ಗೀರಿ, ಮುಂಬಲ್ಲಿಗೆ ಟಕ್ ಎಂದು ಬಡಿದು ಅದರ ಜಾತಕವನ್ನೇ ಹೇಳುತ್ತಿದ್ದ. ಆಡಬಲ್ಲವನ ಕೈಯಲ್ಲಿ ಚೆಂಡು ಏಳೆಂಟು ಪೂರ್ತಿ ಆಟ ತಾಳುತ್ತದೆ. ಕಲ್ಲಿಗೆ ಬಡಿದರೆ ಒಂದೇ ಹೊಡೆತಕ್ಕೆ ಕಥೆ ಮುಗಿಯಬಹುದು. ವಾರ, ಎರಡು ವಾರ ನೀರಿನಲ್ಲಿದ್ದರೆ ಅದಕ್ಕೇನೂ ಧಾಡಿಯಿಲ್ಲ. ಆದರೆ ಆರು ತಿಂಗಳು ಕೆಸರಿನಲ್ಲಿ ಮಲಗಿತೋ, ತೊಳೆದ ಮೇಲೆ ಮದುಮಗನ ಹಾಗೆ ಹೊಳೆದರೂ ಒಳಗೆ ಹುರುಪಿರುವುದಿಲ್ಲ. ಇದೆಲ್ಲ ಅವನಿಗೆ ಯಾರೂ ಕಲಿಸಿದ್ದಲ್ಲ, ಹಲ್ಲು ಸವೆಸಿ ಕಲಿತದ್ದು.

ಆ ಹಲ್ಲೇ ಅವನಿಗೆ ಮುಳುವಾಯಿತು. ಮೈದಾನದವರು ಹಳೇ ಚೆಂಡುಗಳನ್ನು ಉಜ್ಜಿ, ಹೊಸ ಡಬ್ಬಿಗೆ ತುಂಬಿ ಮಾರುತ್ತಿದ್ದರು. ಒಬ್ಬ ಸಾಹೇಬ ಡಬ್ಬಿ ಬಿಚ್ಚಿ, "ಇದು ಹೊಸದಲ್ಲವೇನೋ?" ಎಂದು ಅಲ್ಲೇ ನಿಂತಿದ್ದ ಅಮರಪ್ಪನನ್ನು ಕೇಳಿದ. ಅಮರಪ್ಪ ಚೆಂಡನ್ನು ಹಲ್ಲಿಗೆ ಬಡಿದು, "ಎಂಟು ತಿಂಗಳು ನೀರಾಗ ಇತ್ತ್ರಿ" ಎಂದ. ಮುಂದಿನ ವಾರ ಕೆರೆಗೆ ಬಲೆಯ ಯಂತ್ರ ಬಂತು. "ನಿನಗ ವಯಸ್ಸಾತು, ಊರಿಗಿ ಹೋಗು" ಎಂದು ಮ್ಯಾನೇಜರ ಹೆಗಲ ಮೇಲೆ ಕೈ ಹಾಕಿ ಗೇಟಿನ ತನಕ ಬಿಟ್ಟುಬಂದ. ಅಮರಪ್ಪನಿಗೆ ಆಗ ಐವತ್ತಾರು. ಬಸ್ಸಿನಲ್ಲಿ ಯಾದಗಿರಿ ಬರುವವರೆಗೂ ಅವನು ಅತ್ತ. ಸತ್ತ ಚೆಂಡನ್ನೂ ಮೂರು ಸಲ ಪರೀಕ್ಷೆ ಮಾಡಿ ಬಿಸಾಕುತ್ತಿದ್ದವನು ಅವನು, ಅವನನ್ನು ಒಂದು ಸಲವೂ ಪರೀಕ್ಷೆ ಮಾಡದೆ ಬಿಸಾಕಿದ್ದರು.

ಎರಡು ವರ್ಷ ಮನೆಯ ಕಟ್ಟೆಯ ಮೇಲೆ ಕುಳಿತ. ಹೆಂಡತಿ ಅನ್ನಮ್ಮ ಸುರಪುರದ ಮಗಳು. ಅವಳಿಗೆ ಮಾತು ಕಡಿಮೆಯೆಂದು ಇಲ್ಲಿಯ ತನಕ ಯಾರೂ ದೂರಿಲ್ಲ. "ಹೊಳಿ ಬಾಗಿಲ ಮುಂದ ಹರೀತದ, ಹೋಗಿ ಮುಳುಗ್ರೆಲ, ಯಾರು ಬ್ಯಾಡಂತಾರ?" ಎನ್ನುತ್ತಿದ್ದಳು. ಅವನು ಹೋಗಿ ಮುಳುಗುತ್ತಿದ್ದ, ಬರಿಗೈಯಲ್ಲಿ ಏಳುತ್ತಿದ್ದ. ಹುಡುಕುವುದಕ್ಕೆ ಏನೂ ಇಲ್ಲದ ನೀರಿನಲ್ಲಿ ಮುಳುಗುವುದೆಂದರೆ ಅವನಿಗೆ ಸ್ನಾನವೇ ಹೊರತು ಕೆಲಸವಲ್ಲ.

ಆಗ ಬಂದರು ನೋಡಿ ಶರಣಕುಮಾರ ಸಾವಕಾರರು. ಶಹಾಪುರದ ಹೊರಗೆ, ಗುಡ್ಡದ ಮಗ್ಗುಲಲ್ಲಿ ಅವರ ಹತ್ತಿ ಮಿಲ್ಲು. ಒಂದು ಸಲ ಎದೆ ಚುಳುಕ್ ಎಂದದ್ದಕ್ಕೆ ಡಾಕ್ಟರು ದಿನಾ ಒಂದು ತಾಸು ನಡೆಯಿರಿ ಅಂದಿದ್ದರು. ಸಾವಕಾರರಿಗೆ ಸುಮ್ಮನೆ ನಡೆಯಲು ನಾಚಿಕೆ. ಯಾವುದರದಾದರೂ ಬೆನ್ನು ಹತ್ತಿ ನಡೆಯುವುದಾದರೆ ಮಾತು ಬೇರೆ. ಹೈದರಾಬಾದಿನ ಬೀಗರ ಕಡೆ ಗಾಲ್ಫ್ ನೋಡಿ ಬಂದವರೇ ಮಿಲ್ಲಿನ ಹಿಂದಿನ ಹೊಲದಲ್ಲಿ ಆರು ಕುಣಿ ತೋಡಿಸಿ, ಹತ್ತಿ ಚೀಲದ ಬಟ್ಟೆಯಲ್ಲಿ ಆರು ಬಾವುಟ ನೆಡಿಸಿದರು. ನಡುವೆ ಕೃಷಿಹೊಂಡ. ಸಾವಕಾರರು ಎತ್ತ ಮುಖ ಮಾಡಿ ಹೊಡೆದರೂ ಚೆಂಡು ತವರಿಗೆ ಹೊರಟ ಹೆಣ್ಣಿನ ಹಾಗೆ ಹೊಂಡದ ಕಡೆಗೇ ಓಡುತ್ತಿತ್ತು. ಮೀನಿನ ಬಲೆ ಹಾಕಿ ಚೆಂಡು ಹಿಡಿಸುತ್ತಿದ್ದಾರಂತೆ ಎಂಬ ಸುದ್ದಿ ಬಸ್ಸು ಹತ್ತಿ ಹೊಳಿಹಾಳಕ್ಕೂ ಬಂತು.

ಮರುದಿನ ಮೊದಲ ಬಸ್ಸಿಗೆ ಅಮರಪ್ಪ ಶಹಾಪುರದಲ್ಲಿ ಇಳಿದ. ಹೆಸರು ಹೇಳಲಿಲ್ಲ, ಕೆಲಸ ಕೇಳಲಿಲ್ಲ, ಅಂಗಿ ಕಳಚಿಟ್ಟು ಹೊಂಡಕ್ಕೆ ಹಾರಿದ. ಸಾವಕಾರರು, ಯಾರೋ ಜೀವ ಕಳೆದುಕೊಳ್ಳುತ್ತಿದ್ದಾರೆಂದು ಗಾಬರಿಯಾಗಿ ಕೂಗುವಷ್ಟರಲ್ಲಿ ಇವನು ಮೇಲೆದ್ದು ಧೋತರದ ಮಡಿಲಿನಿಂದ ಒಂದೊಂದೇ ಚೆಂಡು ದಂಡೆಗೆ ಎಸೆದ. ಒಂಬತ್ತು! ಸಾವಕಾರರು ಒದ್ದೆ ಮೈಯನ್ನೇ ತಬ್ಬಿಕೊಂಡರು.

"ಎಲ್ಲಿದ್ದೆಪಾ ಇಷ್ಟ್ ದಿನ? ನಾಳಿಯಿಂದ ದಿನಾ ಬರಬೇಕು ನೋಡು!"

ಆ ಸಂಜೆ ಬಸ್ಸಿನಲ್ಲಿ ಅಮರಪ್ಪ ಕಾರಣವಿಲ್ಲದೆ ನಕ್ಕ, ಕಂಡಕ್ಟರನಿಗೆ ಕೈಮುಗಿದ, ಪರಿಚಯವಿಲ್ಲದ ಮುದುಕಿಗೆ ತನ್ನ ಸೀಟು ಬಿಟ್ಟುಕೊಟ್ಟು ವಡಗೇರಾ ಕ್ರಾಸಿನ ತನಕ ನಿಂತೇ ಬಂದ. ತಾನಿನ್ನೂ ಬೇಕಾದವನು ಎಂಬ ಖುಷಿ ತಲೆಗೇರಿತ್ತು, ಅದು ಮುಂದೆ ಎಂಟು ತಿಂಗಳಾದರೂ ಇಳಿಯಲಿಲ್ಲ.

ಒಂದು ಭಾನುವಾರ ಸಾವಕಾರರು ಬೆಳ್ಳಿಯ ಕುಂಕುಮದ ಭರಣಿಯೊಂದನ್ನು ತಂದು ಅವನ ಮುಂದೆ ಬಿಚ್ಚಿದರು. ಒಳಗೆ ಒಂದು ಚೆಂಡು. ಅದು ಬರಿಯ ಚೆಂಡಲ್ಲ. ಹಿಂದೊಮ್ಮೆ ಸಾವಕಾರರು ಅದನ್ನು ಹೊಡೆದಾಗ ಅದು ಕರೆಂಟಿನ ಕಂಬಕ್ಕೆ ಬಡಿದು, ಅಲ್ಲಿಂದ ಪಕ್ಕದ ಹೊಲದವರ ಟ್ರ್ಯಾಕ್ಟರಿನ ಡಬ್ಬಿಗೆ ಬಡಿದು, ಒಂದು ಎಮ್ಮೆಯ ಕಾಲುಗಳ ನಡುವೆ ನುಸುಳಿ, ಉರುಳುತ್ತ ಹೋಗಿ ನೇರ ಮೂರನೆಯ ಕುಣಿಗೆ ಬಿದ್ದಿತ್ತು. ಒಂದೇ ಹೊಡೆತಕ್ಕೆ! ಅಂದಿನಿಂದ ಅವರ ಮಂಡಿನೋವೂ ಹೋಯಿತಂತೆ. ಮುಖ್ಯ ಆಟವೇನಿದ್ದರೂ ಅವರು ಆಡುವುದು ಆ ಚೆಂಡಿನಲ್ಲೇ.

"ಇದು ಇನ್ನೂ ಎಷ್ಟ್ ದಿನ ಬಾಳಿಕಿ ಬರ್ತದ, ಪರೀಕ್ಷಾ ಮಾಡಿ ಹೇಳು" ಅಂದರು. "ಇವತ್ತಿಗಿ ಇಪ್ಪತ್ತೊಂದು ದಿನಕ್ಕ ಯಾದಗಿರಿಯ ದಾಲ್ ಮಿಲ್ಲಿನ ಅರುಣಕುಮಾರ ಆಡಾಕ ಬರಾಕತ್ಯಾನ. ಅವನ ಮುಂದ ಇದೇ ಚಂಡಿನ್ಯಾಗ ಹೊಡೀಬೇಕು ನಾ. ಇದು ಕೈಕೊಟ್ರ ಆಟಾನೇ ಬ್ಯಾಡ ನನಗ. ಹೊಂಡ ಮುಚ್ಚಿಸಿ ತೊಗರಿ ಬಿತ್ತಸ್ತೀನಿ."

ಹೊಂಡ ಮುಚ್ಚುವ ಮಾತು ಕೇಳಿ ಅಮರಪ್ಪ ಎರಡು ಸಲ ನೀರಿನ ಕಡೆ ತಿರುಗಿ ನೋಡಿದ. ಚೆಂಡನ್ನು ಮನೆಗೆ ತಂದ. ಮೊದಲು ಹಲ್ಲಿಗೆ ಬಡಿದ. ಟಕ್ ಅನ್ನಬೇಕಾದದ್ದು ಥಪ್ ಅಂದಿತು. ಬಕೀಟಿನಲ್ಲಿ ನೀರು ತುಂಬಿ, ಚೆಂಡು ತೇಲುವ ತನಕ ಉಪ್ಪು ಕಲಸಿದ. ಮೇಲೆ ಬಂದ ಜಾಗಕ್ಕೆ ಇದ್ದಿಲಿನಿಂದ ಒಂದು ಚುಕ್ಕೆ ಇಟ್ಟು ಗಿರ್ರನೆ ತಿರುಗಿಸಿದ. ಸರಿಯಿದ್ದ ಚೆಂಡಾದರೆ ಪ್ರತಿ ಸಲ ಬೇರೆ ಬೇರೆ ಮಗ್ಗುಲು ಮೇಲೆ ಬರಬೇಕು. ಇದರಲ್ಲಿ ಏಳು ಸಲ ತಿರುಗಿಸಿದರೂ ಆ ಕರಿಯ ಚುಕ್ಕೆಯೇ ಮೇಲೆ ಬಂದು ಅವನ ಮುಖ ನೋಡಿತು. ಒಳಗೆ ಬಿರುಕು ಬಿಟ್ಟು ತೂಕ ಒಂದು ಕಡೆ ವಾಲಿದೆ. ಕಂಬಕ್ಕೆ ಬಡಿದ ದಿನವೇ ಅದರ ಆಯುಷ್ಯ ಮುಗಿದಿತ್ತು. ಅಮರಪ್ಪ ಅದನ್ನು ಒರೆಸಿ ತಾಟಿನಲ್ಲಿಟ್ಟು, ಹಿತ್ತಲಿಗೆ ಹೋಗಿ ತಲೆಯ ಮೇಲೆ ಕೈ ಹೊತ್ತು ಕುಳಿತ.

ಅದೇ ಹೊತ್ತಿಗೆ ಪಡಸಾಲೆಯಲ್ಲಿ ಅನ್ನಮ್ಮ ಬೇರೊಂದು ಪರೀಕ್ಷೆಯಲ್ಲಿದ್ದಳು. ಪಕ್ಕದ ಮನೆಯ ಮಕ್ತುಂಬಿ ತನ್ನ ಕರಿ ಕೋಳಿಯನ್ನೂ ಹನ್ನೊಂದು ತತ್ತಿಯನ್ನೂ ಪಾಲಿಗೆ ಕೊಟ್ಟಿದ್ದಳು. ಕಾವು ಕೂರಿಸಿ ಮರಿ ಮಾಡಿಸುವುದು ಅನ್ನಮ್ಮನ ಪಾಡು, ಆದ ಮರಿಗಳಲ್ಲಿ ಇಬ್ಬರಿಗೂ ಅರ್ಧರ್ಧ. ಅನ್ನಮ್ಮ ತತ್ತಿಗಳನ್ನು ಒಂದೊಂದಾಗಿ ತಣ್ಣೀರಿಗೆ ಬಿಟ್ಟಳು. ತಳ ಹಿಡಿದದ್ದು ಒಳ್ಳೆಯದು, ತೇಲಿದ್ದು ಕೊಳೆತದ್ದು. ಒಂದು ತೇಲಿತು. ಉಳಿದದ್ದು ಹತ್ತು. ಹತ್ತು ಸರಿಸಂಖ್ಯೆ. ಬೆಸಸಂಖ್ಯೆಯಲ್ಲಿ ಇಡದ ಹೊರತು ಕೋಳಿ ಮರಿ ಮಾಡುವುದಿಲ್ಲವೆಂದು ಅವಳ ತಾಯಿ ಹೇಳಿದ್ದಳು, ತಾಯಿಯ ತಾಯಿ ಹೇಳಿದ್ದಳು. ಮಕ್ತುಂಬಿಯ ಕಡೆ ಇನ್ನೊಂದು ತತ್ತಿಯಿಲ್ಲ. ಅನ್ನಮ್ಮ ಸುತ್ತ ನೋಡಿದಳು. ತಾಟಿನಲ್ಲಿ ಬೆಳ್ಳಗೆ ಗುಂಡಗೆ ಒಂದಿತ್ತು. ಅದು ತತ್ತಿಯಲ್ಲವೆಂದು ಅವಳಿಗೆ ಗೊತ್ತಿತ್ತು, ಅವಳೇನು ಹುಚ್ಚಿಯಲ್ಲ. ಆದರೆ ಲೆಕ್ಕ ಹಿಡಿಯುವುದು ಕೋಳಿ ತಾನೇ? ಆದರೂ ನಿಯಮವೆಂದರೆ ನಿಯಮ. ಅದನ್ನೂ ತಣ್ಣೀರಿಗೆ ಬಿಟ್ಟಳು. ಪುಳಕ್ಕನೆ ತಳ ಹಿಡಿಯಿತು. ಒಳ್ಳೆಯದೇ ಇದೆ ಎಂದುಕೊಂಡಳು.

ಅಮರಪ್ಪ ಒಳಗೆ ಬಂದಾಗ ತಾಟು ಖಾಲಿ.

"ಚಂಡೆಲ್ಲಿ?"

"ಕಾವಿಗಿ ಕುಂದ್ರಿಸೀನಿ" ಎಂದಳು ಅನ್ನಮ್ಮ, ಮೂಲೆಯ ಬುಟ್ಟಿಯ ಕಡೆ ಗದ್ದ ತೋರಿಸಿ. "ಬೆಸ ಆಗ್ಬೇಕಿತ್ತು. ಇಪ್ಪತ್ತೊಂದು ದಿನ ಯಾರೂ ಕೈ ಹಚ್ಚಂಗಿಲ್ಲ. ಮಕ್ತುಂಬಿ ಪಾಲದ ಅದರಾಗ."

ಕರಿ ಕೋಳಿ ರೆಕ್ಕೆ ಅಗಲಿಸಿ, ಕಣ್ಣು ಅರ್ಧ ಮುಚ್ಚಿ, ಸಾವಕಾರರ ಅದೃಷ್ಟದ ಮೇಲೆ ಕುಳಿತಿತ್ತು. ಅಮರಪ್ಪ ಕೂಗಾಡಬೇಕೆಂದು ಬಾಯಿ ತೆರೆದ. ಹೊರಗೆ ಬಂದದ್ದು ನಗೆ. ಮೊದಲ ವಾರದಲ್ಲಿ ಬೇರೆ ಚೆಂಡು ತಂದು ಬದಲಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಬದಲಿಸಬಹುದಿತ್ತು. ಅವನಿಗೇ ಬೇಡವಾಗಿತ್ತು. ಕೋಳಿಯ ಕೆಳಗೆ ಇರುವವರೆಗೆ ಆ ಚೆಂಡು ಸತ್ತಿದೆ ಎಂದು ಹೇಳುವ ಪ್ರಮೇಯವಿಲ್ಲ. ಇಪ್ಪತ್ತೊಂದು ದಿನ ಹೊಂಡ ತನ್ನದು.

ಸಾವಕಾರರು ದಿನಾ ಕೇಳುವರು. "ಏನಪಾ, ಪರೀಕ್ಷಾ ಮುಗೀತೇನು?"

"ಚಂಡು ಇನ್ನಾ ಮನ್ಯಾಗ ಅದರಿ."

"ಜ್ವಾಕಿ ಇಟ್ಟಿದಿಲ್ಲ?"

"ಬೆಚ್ಚಗ ಇಟ್ಟೀನ್ರಿ."

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ, ಅದೇ ಅವನನ್ನು ಇನ್ನಷ್ಟು ಚುಚ್ಚುತ್ತಿತ್ತು. ಸಾವಕಾರರಿಗಂತೂ ಬೆಚ್ಚಗೆ ಎಂಬ ಮಾತು ಬಹಳ ಹಿಡಿಸಿತು. ಅಮರಪ್ಪ ಹೈದರಾಬಾದಿನಿಂದ ಯಾವುದೋ ಕಾವಿನ ಔಷಧ ಕಲಿತು ಬಂದಿದ್ದಾನೆ, ಚೆಂಡಿಗೆ ಹರೆಯ ಬರಿಸುತ್ತಿದ್ದಾನೆ ಎಂದು ಯಾದಗಿರಿಗೆ ಫೋನು ಮಾಡಿ ಎದುರಾಳಿಗೂ ಹೇಳಿದರು. ಅರುಣಕುಮಾರರು ಆ ಕಡೆಯಿಂದ, "ನಂದೂ ನಾಕು ಚಂಡವ, ಅವನ ಕಡೆ ಕಳಸ್ಲೇನು?" ಎಂದು ಕೇಳಿದರಂತೆ. ಇದನ್ನು ಕೇಳಿದ ದಿನ ಅಮರಪ್ಪ ನೀರಿನೊಳಗೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಕುಳಿತ.

ಇಪ್ಪತ್ತೊಂದನೆಯ ದಿನ ಬೆಳಗಿನ ಜಾವ ಅವನ ಧೈರ್ಯ ಕೆಟ್ಟಿತು. ಬೇರೆ ದಾರಿಯಿಲ್ಲ, ಚೆಂಡನ್ನು ಎತ್ತಿಕೊಂಡು ಹೋಗಿ, ಚಲೋ ಅದರಿ ಎಂದು ಒಂದೇ ಒಂದು ಸುಳ್ಳು ಹೇಳಿಬಿಡುವುದು. ಬುಟ್ಟಿಯ ಹತ್ತಿರ ಮಂಡಿಯೂರಿ ಕೈ ತೂರಿಸಿದ. ಕರಿ ಕೋಳಿ ಅವನ ಹೆಬ್ಬೆರಳು ಹಿಡಿದು ಕಚ್ಚಿದ ಕಚ್ಚಿಗೆ ಅವನು ಹಾರಿ ಬಿದ್ದ, ತಾಟು ಬಿತ್ತು, ತಂಬಿಗೆ ಉರುಳಿತು, ಅನ್ನಮ್ಮ ಪೊರಕೆ ಹಿಡಿದು ಬಂದಳು.

"ಕಳ್ಳ ಬಂದಾನಂತ ತಿಳಿದಿದ್ದೆ! ಇವತ್ತ ಮರಿ ಒಡಿಯೋ ದಿನ, ಕೈ ಹಾಕ್ತೀಯಾ? ಏನಾಗ್ಯಾದ ನಿನಗ?" ಸಿಟ್ಟು ಬಂದರೆ ಅನ್ನಮ್ಮನ ಮಾತಿನಿಂದ ಮೊದಲು ಹೋಗುವುದು 'ರಿ'.

ಅಮರಪ್ಪ ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ನೆಲದ ಮೇಲೇ ಕುಳಿತ. ಎಲ್ಲವನ್ನೂ ಹೇಳಿದ. ಹಲ್ಲಿನ ಥಪ್, ಉಪ್ಪುನೀರಿನ ಚುಕ್ಕೆ, ಹೊಂಡ, ತೊಗರಿ. "ಖರೇ ಹೇಳಿದ್ರ ನೀರು ಹೋಗ್ತದ ಅನ್ನಮ್ಮ. ಹೈದರಾಬಾದಿನ್ಯಾಗ ಹೇಳಿ ಹೋಗಿಲ್ಲೇನು? ನನಗ ಹೆದರಿಕಿ ಆಗ್ಯಾದ."

ಅನ್ನಮ್ಮ ಪೊರಕೆ ಕೆಳಗಿಟ್ಟಳು. "ಇಪ್ಪತ್ತೆರಡು ವರ್ಷ ನೀ ಅಲ್ಲಿದ್ದಿ, ನಾ ಇಲ್ಲಿದ್ದೆ. ಓಣ್ಯಾಗಿನ ಮಂದಿ ಏನೇನ್ ಅಂದ್ರೂ, ನನ್ನ ಗಂಡ ಒಂದು ಚಂಡಿನ ಸಲುವಾಗಿ ಸುದ್ದಾ ಸುಳ್ಳ್ ಹೇಳಾಂವಲ್ಲ ಅಂತಿದ್ದೆ. ಅದನ್ನ ಸುಳ್ಳ್ ಮಾಡಿ ನೀರಿಗಿಳೀತಿ ಅಂದ್ರ, ಆ ನೀರೇ ಬ್ಯಾಡ ನನಗ."

ಅಷ್ಟರಲ್ಲಿ ಬುಟ್ಟಿಯ ಒಳಗಿನಿಂದ ಚಿಂವ್ ಎಂದಿತು. ಅದರ ಹಿಂದೆಯೇ ಅಂಗಳದಲ್ಲಿ ಕಾರಿನ ಹಾರ್ನು.

ಸಾವಕಾರರು ಮನೆಯಲ್ಲಿ ನಿಂತಲ್ಲಿ ನಿಲ್ಲಲಾಗದೆ, ಚೆಂಡನ್ನು ತಾವೇ ಒಯ್ಯಲು ಬಂದಿದ್ದರು. ಬಿಳಿ ಬೂಟು, ಬಿಳಿ ಟೋಪಿ. ಹಿಂದೆ ಅರುಣಕುಮಾರರು, ತಮ್ಮ ನಾಲ್ಕು ಚೆಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು. ಮಕ್ತುಂಬಿಯೂ ಕಾರಿನ ಸದ್ದಿಗೆ ಓಡಿ ಬಂದಳು.

"ಎಲ್ಲದನಪಾ ನಮ್ಮ ಮದುಮಗ?" ಎಂದು ಸಾವಕಾರರು ಚೆಂಡಿಗಾಗಿ ಕೈ ಚಾಚಿದರು.

ಅಮರಪ್ಪ ಬಾಗಿಲಲ್ಲಿ ನಿಂತ. "ಸಾವಕಾರ್ರ, ಚಂಡು ಕೋಳಿ ಕೆಳಗದ. ಅದೇನೂ ಔಷಧ ಅಲ್ರಿ, ಬೆಸ ಮಾಡಾಕ ಇಟ್ಟದ್ದು. ಇನ್ನೊಂದ್ ಮಾತದ. ಆ ಚಂಡು ಸತ್ತದ್ರಿ. ನಂಗ ಮೊದಲ ದಿನಾನೇ ಗೊತ್ತಾಗಿತ್ತು. ಹೊಂಡ ಮುಚ್ಚಸ್ತೀರಂತ ಅಂಜಿ ಹೇಳಲಿಲ್ಲ."

ಒಳಗೆ ಕೋಳಿ ಕುಟುಕುಟು ಎನ್ನುತ್ತಿತ್ತು. ಸಾವಕಾರರ ಮುಖ ಕೆಂಪಾಯಿತು, ಬಿಳುಪಾಯಿತು. "ತೋರ್ಸು" ಅಂದರು.

"ಈಗ ಆಗಂಗಿಲ್ರಿ" ಎಂದು ಅನ್ನಮ್ಮ ಅಡ್ಡ ಬಂದಳು. "ಮರಿ ಹೊರಗ ಬರಾಕತ್ಯಾವ. ಕೂಡ್ರಿ."

ಹೀಗೆ ಎರಡು ಮಿಲ್ಲಿನ ಸಾವಕಾರರು ಅಂಬಿಗೇರ ಓಣಿಯ ಒಂದು ಪಡಸಾಲೆಯಲ್ಲಿ ಬಾಣಂತಿ ಕೋಣೆಯ ಹೊರಗೆ ಕುಳಿತವರಂತೆ ಚಾಪೆಯ ಮೇಲೆ ಕುಳಿತರು. ಒಂದು ಮರಿ ಬಂತು. ಎರಡು, ಮೂರು. ಅರುಣಕುಮಾರರು ನಾಲ್ಕನೆಯದಕ್ಕೆ ಚಪ್ಪಾಳೆ ಹೊಡೆದರು. ಏಳನೆಯದು ಕಾಲು ಸಿಕ್ಕಿಸಿಕೊಂಡು ಒದ್ದಾಡುವಾಗ ಶರಣಕುಮಾರ ಸಾವಕಾರರು ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ, "ಬಾರೋ, ಬಾರೋ ನನ್ನಪ್ಪ" ಎಂದರು. ಬಿಸಿಲೇರುವಷ್ಟರಲ್ಲಿ ಹತ್ತೂ ಒಡೆದವು. ಹತ್ತಕ್ಕೆ ಹತ್ತು! ಮಕ್ತುಂಬಿ ಅನ್ನಮ್ಮನ ಕೆನ್ನೆ ಸವರಿ ಲಟಿಕೆ ಮುರಿದಳು.

ಆಮೇಲೆ ಅನ್ನಮ್ಮ ತಾನೇ ಕೈ ಹಾಕಿ ಚೆಂಡನ್ನು ತೆಗೆದು ಕೊಟ್ಟಳು. ಅಮರಪ್ಪ ಬಕೀಟಿಗೆ ಉಪ್ಪು ಕಲಸಿ, ಚೆಂಡು ತೇಲಿದ ಮಗ್ಗುಲಿಗೆ ಮತ್ತೆ ಇದ್ದಿಲಿನ ಚುಕ್ಕೆ ಇಟ್ಟ. ಸಾವಕಾರರು ತಾವೇ ತಿರುಗಿಸಿದರು. ಕರಿ ಚುಕ್ಕೆ ಮೇಲೆ ಬಂತು. ಮತ್ತೆ ತಿರುಗಿಸಿದರು. ಮತ್ತೆ ಚುಕ್ಕೆ. ಒಂಬತ್ತು ಸಲ ತಿರುಗಿಸಿ, ತೋಳಿನ ತನಕ ಒದ್ದೆಯಾಗಿ, ಅವರು ಮೆಲ್ಲಗೆ ತಲೆ ಎತ್ತಿದರು.

"ಅಂದ್ರ, ಕಂಬಕ್ಕ ಬಡದ ಮ್ಯಾಲ ಇದನ್ನ ಹೊಡದಾಗೆಲ್ಲಾ ಹೊಂಡಕ್ಕ ಹೋಗೂದು ನನ್ನ ಕೈ ತಪ್ಪಲ್ಲ?"

ಹೌದ್ರಿ ಎಂದು ಒಂದು ಮಾತು ಅಂದರೆ ಅಲ್ಲಿಗೆ ಎಲ್ಲ ಸುಸೂತ್ರ. ಅನ್ನಮ್ಮ ಕಣ್ಣು ಮಿಟುಕಿಸದೆ ಗಂಡನನ್ನೇ ನೋಡುತ್ತಿದ್ದಳು.

"ಅರ್ಧ ಚಂಡಿನ ತಪ್ಪ್ರಿ" ಎಂದ ಅಮರಪ್ಪ. "ಇನ್ನರ್ಧ ನಿಮ್ಮದ."

ಅರುಣಕುಮಾರರು ಚಾಪೆಯ ಮೇಲೆ ಹೊಟ್ಟೆ ಹಿಡಿದು ಉರುಳಿದರು. ಶರಣಕುಮಾರರು ಒಂದು ಗಳಿಗೆ ಬಿರುಗಣ್ಣು ಬಿಟ್ಟು, ಆಮೇಲೆ ತಾವೂ ನಕ್ಕರು. ನಕ್ಕು ನಕ್ಕು ಡಾಕ್ಟರು ಬೇಡವೆಂದಷ್ಟು ನಕ್ಕರು. "ಲೇ, ನಂಗ ಇಷ್ಟ್ ವರ್ಷದಾಗ ಅರ್ಧ ತಪ್ಪು ನಿಂದ ಅಂದಾಂವ ನೀನೊಬ್ಬನ! ಉಳಿದವ್ರೆಲ್ಲಾ ವಾಹ್ ವಾಹ್ ಅಂತಾರ!"

ಈ ಗದ್ದಲದಲ್ಲಿ ಕರಿ ಕೋಳಿಯ ಅವಸ್ಥೆಯನ್ನು ಯಾರೂ ನೋಡಿರಲಿಲ್ಲ. ಹತ್ತು ಮರಿ ಕಾಲಡಿ ಓಡಾಡುತ್ತಿದ್ದರೂ ಅದು ಬುಟ್ಟಿಯಲ್ಲಿ ಕೆದಕುತ್ತ, ಹನ್ನೊಂದನೆಯದು ಎಲ್ಲಿ ಎಂದು ಕುಟುಕುಟು ಗೋಳಾಡುತ್ತಿತ್ತು. ಸಾವಕಾರರು ಎದ್ದು ಹೋಗಿ, ಒರೆಸಿದ ಚೆಂಡನ್ನು ತಮ್ಮ ಕೈಯಾರೆ ಅದರ ಮಗ್ಗುಲಲ್ಲಿಟ್ಟರು. ಪ್ರತಿಫಲವಾಗಿ ಅವರಿಗೂ ಒಂದು ಕಚ್ಚು ಬಿತ್ತು.

"ಇರ್ಲಿ, ಇದಕ್ಕ ಇಲ್ಲೇ ಬಾಳಿಕಿ ಅದ" ಅಂದರು ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತ. "ಆದ್ರ ಹನ್ನೊಂದನೇ ತತ್ತಿ ನಂದು. ನನ್ನ ಪಾಲಿನ ಮರಿ ಎಲ್ಲಿ?"

"ಸಾವಕಾರ್ರ, ಪಾಲು ಅಂದ್ರ ಒಡದ ತತ್ತಿಗಿ" ಎಂದಳು ಮಕ್ತುಂಬಿ ಸೊಂಟದ ಮೇಲೆ ಕೈಯಿಟ್ಟು. "ನಿಮ್ದು ಒಡದ ದಿನ ಬರ್ರಿ, ಹಿಸಾಬ್ ಮಾಡೋಣು."

ಕಾರಿನಲ್ಲಿ ಅಮರಪ್ಪನನ್ನು ಮುಂದಿನ ಸೀಟಿಗೆ ಕೂರಿಸಿದರು. ಎಲ್ಲರೂ ನಗುತ್ತಿದ್ದರು, ಅವನೂ ನಗುತ್ತಿದ್ದ, ಆದರೆ ಹೊಂಡದ ಮಾತನ್ನು ಯಾರೂ ಎತ್ತಿರಲಿಲ್ಲ. ಶಹಾಪುರದ ಗುಡ್ಡ ಕಂಡಾಗ ಅವನು ಕಿಟಕಿಯಿಂದ ಹೊಂಡದ ಕಡೆ ಕತ್ತು ಚಾಚಿದ.

ಸಾವಕಾರರು ಹೊಸ ಡಬ್ಬಿ ಬಿಚ್ಚಿ ಒಂದು ಚೆಂಡು ತೆಗೆದು ಅಮರಪ್ಪನ ಕೈಗಿತ್ತರು. ಅವನು ಹಲ್ಲಿಗೆ ಬಡಿದ. ಟಕ್. ತಲೆ ಅಲ್ಲಾಡಿಸಿ ಮರಳಿಸಿದ. ಸಾವಕಾರರು ಕಾಲು ಅಗಲಿಸಿ, ಗುಡ್ಡಕ್ಕೆ ನಮಸ್ಕಾರ ಮಾಡಿ, ಹೊಡೆದರು. ಚೆಂಡು ಎಂಥ ಚೆಂದ ಏರಿತು! ಬಾವುಟದ ಕಡೆಗೇ ಹೋಗುತ್ತಿದ್ದದ್ದು ಮೇಲೆ ಹೋಗಿ ಏನೋ ನೆನಪಾದ ಹಾಗೆ ಎಡಕ್ಕೆ ಹೊರಳಿ, ಹೊಂಡದ ನಟ್ಟನಡುವೆ ಬುಡುಂಗ್ ಎಂದು ಬಿತ್ತು.

ಅರುಣಕುಮಾರರು ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಅಮರಪ್ಪ ನೀರಿನ ಮೇಲೆ ಹರಡುವ ಬಳೆಗಳನ್ನು ನೋಡುತ್ತ ಕಂಬದಂತೆ ನಿಂತ. ಹೊಸ ಚೆಂಡು, ಕುಂಟು ನೆಪವಿಲ್ಲದ ಚೆಂಡು. ಇನ್ನು ತೊಗರಿ ಬಿತ್ತುವುದೇ ಸರಿ.

"ಅಮರಪ್ಪಾ!" ಸಾವಕಾರರು ಗುಡುಗಿದರು. "ಈ ಸಲ ಪೂರ್ತಿ ನನ್ನ ತಪ್ಪು, ಆತಿಲ್ಲ? ನಿಂತೀ ಯಾಕ ಮತ್ತ? ಹಾರಲಾ!"

ಅವನು ಅಂಗಿ ಕಳಚುವುದನ್ನೂ ಮರೆತ. ಅನ್ನಮ್ಮ ಪಂದ್ಯಕ್ಕೆಂದು ಹೊಲಿಸಿದ್ದ ಹೊಸ ಅಂಗಿಯ ಸಮೇತ ಓಡಿ ಹಾರಿದ. ತಣ್ಣಗಿನ ನೀರು ಕಿವಿ ಮುಚ್ಚಿತು. ಕಾಲ್ಬೆರಳು ಕೆಸರಿನಲ್ಲಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಚೆಂಡು ಸಿಕ್ಕಿತು. ಮೇಲೆದ್ದು, ನೀರು ಉಗುಳಿ, ಕೂದಲು ಹಿಂದೆ ಸರಿಸಿದ.

"ಏನಂತದ?" ದಂಡೆಯಿಂದ ಸಾವಕಾರರು ಕೂಗಿದರು. "ಎಷ್ಟ್ ದಿನ ಬಾಳಿಕಿ ಬರ್ತದ?"

ಅಮರಪ್ಪ ನೀರಿನಲ್ಲಿ ನಿಂತೇ ಚೆಂಡನ್ನು ಮುಂಬಲ್ಲಿಗೆ ಬಡಿದ. ಬೇಕೆಂದೇ ಇನ್ನೊಮ್ಮೆ ಬಡಿದ.

"ಇನ್ನಾ ಭಾಳ ದಿನ ಅದರಿ!" ಎಂದು ಮಿಲ್ಲಿನ ತನಕ ಕೇಳುವಂತೆ ಕೂಗಿದ.